ತ್ವಕ್ಪ್ರತಿನಿಧಿ: ಚರ್ಮಸಂಧಾನದ ಇತಿಹಾಸವಿಚಾರ

೧. ವಿಷಯಪ್ರವೇಶ

ಬೆಂಕಿಯಿಂದಲೋ ಶಸ್ತ್ರಘಾತದಿಂದಲೋ ವ್ಯಾಧಿಯಿಂದಲೋ ಚರ್ಮವು ನಷ್ಟವಾದಲ್ಲಿ, ಆ ಸ್ಥಾನವನ್ನು ಬೇರೊಂದು ಹೊದಿಕೆಯಿಂದ ಮುಚ್ಚಿ ಪ್ರಾಣವನ್ನೂ ರೂಪವನ್ನೂ ಕಾಪಾಡುವ ವಿದ್ಯೆಯು ಶಸ್ತ್ರವೈದ್ಯದ ಪ್ರಧಾನ ಶಾಖೆಗಳಲ್ಲೊಂದು. ಈ ಕಾರ್ಯಕ್ಕಾಗಿ ಪ್ರಯೋಗಶಾಲೆಗಳಲ್ಲಿ ಸಿದ್ಧವಾಗುವ ಹೊದಿಕೆಗಳನ್ನು ಕನ್ನಡದಲ್ಲಿ ‘ಕೃತಕಚರ್ಮ’ವೆಂದು ಕರೆಯುವುದು ರೂಢಿಯಾಗಿದೆ.

ಇವುಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಆಗಾಗ ಕೇಳಿಬರುತ್ತವೆ. ಇದೆಲ್ಲವೂ ಸುಶ್ರುತಸಂಹಿತೆಯಲ್ಲಿಯೇ ಇದೆ, ಪಾಶ್ಚಾತ್ಯರು ಹೊಸದಾಗಿ ಕಂಡುಹಿಡಿದುದು ಏನೂ ಇಲ್ಲ ಎಂಬುದು ಮೊದಲನೆಯದು. ಇದು ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರದ ಸೃಷ್ಟಿ, ಪ್ರಾಚೀನ ಗ್ರಂಥಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ಎರಡನೆಯದು. ಗ್ರಂಥವನ್ನು ಅದರ ಮಾತಿನಲ್ಲಿಯೇ ಓದಿ, ಅನಂತರದ ಇತಿಹಾಸವನ್ನು ವರ್ಷಕ್ರಮದಿಂದ ಜೋಡಿಸಿ ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲಲಾರವು. ಮೊದಲ ಪಕ್ಷದವರು ಸುಶ್ರುತನಲ್ಲಿ ಇಲ್ಲದ್ದನ್ನು ಅವನಿಗೆ ಆರೋಪಿಸಿ, ಅವನಲ್ಲಿ ನಿಜವಾಗಿ ಇರುವುದನ್ನು ಕಾಣದೆ ಹೋಗುತ್ತಾರೆ. ಎರಡನೆಯ ಪಕ್ಷದವರು ಹೊಸ ವಿದ್ಯೆಯ ಮರ್ಮವನ್ನೇ ತಪ್ಪಾಗಿ ತಿಳಿಯುತ್ತಾರೆ.

‘ಕೃತಕ’ ಎಂಬ ಶಬ್ದಕ್ಕಿಂತಲೂ ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿರುವ ‘ಪ್ರತಿನಿಧಿ’ ಎಂಬ ಶಬ್ದವು ಇಲ್ಲಿ ಹೆಚ್ಚು ಉಪಯುಕ್ತವಾದುದು. ಯಜ್ಞಕ್ಕೆ ವಿಹಿತವಾದ ವ್ರೀಹಿಯು ದೊರೆಯದಿದ್ದಾಗ ನೀವಾರವನ್ನೂ, ಸೋಮಲತೆಯು ದೊರೆಯದಿದ್ದಾಗ ಪೂತೀಕವನ್ನೂ ತೆಗೆದುಕೊಳ್ಳುವ ವಿಚಾರವು ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಚರ್ಚಿತವಾಗಿದೆ. ವೈದ್ಯಗ್ರಂಥಗಳಲ್ಲಿಯೂ ಮೇದಾ ಮಹಾಮೇದೆಗಳು ದೊರೆಯದಿದ್ದರೆ ಶತಾವರಿಯನ್ನು ಉಪಯೋಗಿಸಬೇಕೆಂದು ಭಾವಪ್ರಕಾಶವು ವಿಧಿಸುತ್ತದೆ. ಪ್ರತಿನಿಧಿಯು ಮುಖ್ಯದ್ರವ್ಯದ ಕಾರ್ಯವನ್ನು ನಡೆಸುತ್ತದೆಯೇ ಹೊರತು ತಾನೇ ಮುಖ್ಯವಾಗುವುದಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಚಾರವನ್ನು ನೋಡತಕ್ಕದ್ದು.

೨. ಸಂಹಿತೆಯಲ್ಲಿ ತ್ವಕ್ಕು ಮತ್ತು ವ್ರಣ

ಸುಶ್ರುತಸಂಹಿತೆಯ ಕಾಲನಿರ್ಣಯವು ವಿವಾದಗ್ರಸ್ತವಾದುದು. ನೇಪಾಳದಲ್ಲಿ ಉಳಿದುಬಂದಿರುವ ಒಂದು ತಾಳೆಯೋಲೆಯ ಪ್ರತಿಯು ಕ್ರಿ. ಶ. ೮೭೮ರಲ್ಲಿ ಬರೆಯಲ್ಪಟ್ಟುದಾದ ಕಾರಣ, ಗ್ರಂಥವು ಆ ಕಾಲಕ್ಕಿಂತ ಪೂರ್ವದ್ದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಹನ್ನೆರಡನೆಯ ಶತಮಾನದ ಡಲ್ಹಣನ ವ್ಯಾಖ್ಯಾನದಿಂದ ಅದು ವೈದ್ಯಪರಂಪರೆಯಲ್ಲಿ ದೃಢವಾಗಿ ನೆಲೆನಿಂತಿತು. ೧೮೩೫-೩೬ರಲ್ಲಿ ಮಧುಸೂದನ ಗುಪ್ತನು ಕಲಕತ್ತೆಯಲ್ಲಿ ಅದನ್ನು ಅಚ್ಚುಮಾಡಿಸಿದನು.

ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ತ್ವಕ್ಕಿಗೆ ಏಳು ಪದರಗಳನ್ನು ಹೇಳಿದೆ. ಅವಭಾಸಿನೀ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ ಎಂಬಿವು ಅವುಗಳ ಹೆಸರುಗಳು. ಕಾಯಿಸಿದ ಹಾಲಿನ ಮೇಲೆ ಕೆನೆಯು ಕಟ್ಟುವಂತೆ ಗರ್ಭದಲ್ಲಿ ಇವು ಉಂಟಾಗುತ್ತವೆಂಬ ಉಪಮಾನವು ಅಲ್ಲಿದೆ. ಮೊದಲನೆಯ ಪದರವು ಬತ್ತದ ಕಾಳಿನ ಹದಿನೆಂಟನೆಯ ಒಂದು ಭಾಗದಷ್ಟು ದಪ್ಪ, ಕಡೆಯದು ಎರಡು ಕಾಳುಗಳಷ್ಟು ದಪ್ಪ. ಈ ಪ್ರಮಾಣವು ಮಾಂಸಲವಾದ ಸ್ಥಳಗಳಿಗೆ ಮಾತ್ರ ಸಲ್ಲುತ್ತದೆ, ಹಣೆಗೂ ಸಣ್ಣ ಬೆರಳುಗಳಿಗೂ ಸಲ್ಲದು ಎಂಬ ಎಚ್ಚರಿಕೆಯನ್ನೂ ಗ್ರಂಥಕಾರನು ಸೇರಿಸಿದ್ದಾನೆ. ಚರಕಸಂಹಿತೆಯಾದರೋ ಆರು ಪದರಗಳನ್ನು ಮಾತ್ರ ಹೇಳುತ್ತದೆ. ಇಂದಿನ ಶಾರೀರಶಾಸ್ತ್ರವು ಹೊರಚರ್ಮ, ಒಳಚರ್ಮ ಎಂದು ಎರಡು ಮುಖ್ಯ ಭಾಗಗಳನ್ನು ಮಾಡಿ, ಹೊರಚರ್ಮದಲ್ಲಿಯೇ ಅನೇಕ ಶ್ರೇಣಿಗಳನ್ನು ಎಣಿಸುತ್ತದೆ. ಪ್ರಾಚೀನ ಹೆಸರುಗಳನ್ನು ಇವುಗಳೊಡನೆ ಒಂದೊಂದಾಗಿ ಸರಿಹೊಂದಿಸಲು ಹೊರಡುವುದು ವ್ಯರ್ಥಪ್ರಯಾಸ. ಚರ್ಮವು ಏಕರೂಪವಾದ ವಸ್ತುವಲ್ಲ, ಪದರಪದರವಾಗಿ ಬೇರೆ ಬೇರೆ ಧರ್ಮಗಳುಳ್ಳದ್ದು ಎಂಬ ತಿಳಿವಳಿಕೆಯೊಂದೇ ಇಲ್ಲಿ ಗ್ರಾಹ್ಯವಾದ ಅಂಶ.

ವ್ರಣಚಿಕಿತ್ಸೆಯಲ್ಲಿ ಸುಶ್ರುತನು ಅರುವತ್ತು ಉಪಕ್ರಮಗಳನ್ನು ಹೇಳಿದ್ದಾನೆ. ವ್ರಣವನ್ನು ಎಲೆಗಳಿಂದ ಹೊದಿಸುವ ಪತ್ರದಾನವು ಅವುಗಳಲ್ಲಿ ಒಂದು. ವ್ರಣವು ಕೂಡಿಕೊಂಡ ಮಾತ್ರಕ್ಕೆ ಚಿಕಿತ್ಸೆಯು ಮುಗಿಯಿತೆಂದು ಅವನು ಭಾವಿಸಲಿಲ್ಲ. ಬಿಳುಪಾದ ಕಲೆಯನ್ನು ಕಪ್ಪಾಗಿಸುವುದು, ಕಪ್ಪಾದುದನ್ನು ತಿಳಿಯಾಗಿಸುವುದು, ಬೋಳಾದ ಸ್ಥಳದಲ್ಲಿ ಕೂದಲನ್ನು ಹುಟ್ಟಿಸುವುದು ಇವುಗಳೂ ಉಪಕ್ರಮಗಳೇ. ಚಿಕಿತ್ಸೆಯನ್ನು ಏಳು ಘಟ್ಟಗಳಾಗಿ ವಿಂಗಡಿಸುವಲ್ಲಿಯೂ ರೋಪಣವು ಆರನೆಯದು. ‘ವೈಕೃತಾಪಹ’ ಅಂದರೆ ವಿಕಾರವನ್ನು ಹೋಗಲಾಡಿಸುವ ಕರ್ಮವು ಏಳನೆಯದು. ಗಾಯವನ್ನು ಮುಚ್ಚುವುದು ಬೇರೆ, ಮನುಷ್ಯನಿಗೆ ಅವನ ರೂಪವನ್ನು ಮರಳಿ ಕೊಡುವುದು ಬೇರೆ ಎಂಬ ವಿವೇಕವು ಈ ವಿಭಾಗದಲ್ಲಿ ಅಡಗಿದೆ.

೩. ಎರಡು ವಿಶೇಷಣಗಳು

ಪ್ರಕೃತಕ್ಕೆ ಮುಖ್ಯವಾದ ಭಾಗವು ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯ. ಕಿವಿ ಚುಚ್ಚುವ ವಿಧಿಯಿಂದ ಆರಂಭವಾಗುವ ಈ ಅಧ್ಯಾಯವು, ಭಾರವಾದ ಆಭರಣಗಳಿಂದಲೋ ಪೆಟ್ಟಿನಿಂದಲೋ ಹರಿದ ಕಿವಿಯ ಹಾಲೆಯನ್ನು ಕೂಡಿಸುವ ಹದಿನೈದು ವಿಧಾನಗಳನ್ನು ಹೇಳಿ, ಕೊನೆಯಲ್ಲಿ ಕತ್ತರಿಸಿಹೋದ ಮೂಗನ್ನು ನಿರ್ಮಿಸುವ ಕ್ರಮವನ್ನು ವಿವರಿಸುತ್ತದೆ.

ಆ ಕ್ರಮವು ಹೀಗಿದೆ: ಮೂಗಿನ ಅಳತೆಗೆ ತಕ್ಕ ಎಲೆಯೊಂದನ್ನು ತಂದು, ಅದರ ಪ್ರಮಾಣಕ್ಕೆ ಸರಿಯಾಗಿ ಕೆನ್ನೆಯ ಪಕ್ಕದಿಂದ ಮಾಂಸಸಹಿತವಾದ ಚರ್ಮವನ್ನು ಬಿಡಿಸಬೇಕು, ಮೂಗಿನ ಮೋಟನ್ನು ಕೆರೆದು ಹಸಿ ಮಾಡಿ ಅದರ ಮೇಲೆ ಇದನ್ನು ಶೀಘ್ರವಾಗಿ ಸೇರಿಸಿ ಕಟ್ಟಬೇಕು, ಉಸಿರಾಟಕ್ಕಾಗಿಯೂ ಆಕಾರವು ಕುಸಿಯದಿರುವುದಕ್ಕಾಗಿಯೂ ಎರಡು ನಾಳಗಳನ್ನು ಒಳಗಿಡಬೇಕು, ಪತ್ತಂಗ, ಯಷ್ಟಿಮಧು, ಅಂಜನ ಇವುಗಳ ಪುಡಿಯನ್ನು ಉದುರಿಸಿ ಬಿಳಿಯ ಅರಳೆಯಿಂದ ಮುಚ್ಚಿ ಎಳ್ಳೆಣ್ಣೆಯಿಂದ ನೆನೆಸುತ್ತಿರಬೇಕು, ಕೂಡಿಕೊಂಡ ಮೇಲೆ ಉಳಿದ ಭಾಗವನ್ನು ಕತ್ತರಿಸಬೇಕು, ಹೊಸ ಮೂಗು ಚಿಕ್ಕದಾದರೆ ಬೆಳೆಸಬೇಕು, ಹೆಚ್ಚಾದರೆ ಸಮಮಾಡಬೇಕು.

ಹೀಗೆ ಬಿಡಿಸಿದ ಚರ್ಮವು ಕೆನ್ನೆಯಿಂದ ಪೂರ್ತಿಯಾಗಿ ಬೇರೆಯಾಗುತ್ತದೆಯೋ, ಇಲ್ಲವೆ ಒಂದು ಕಡೆಯಲ್ಲಿ ಅಂಟಿಕೊಂಡೇ ಇರುತ್ತದೆಯೋ ಎಂಬುದು ವ್ಯಾಖ್ಯಾನದ ಪ್ರಶ್ನೆ. ಪ್ರಚಲಿತ ಮುದ್ರಿತ ಪಾಠದಲ್ಲಿರುವ ‘ಬದ್ಧ’ ಶಬ್ದಕ್ಕೆ ‘ಇನ್ನೂ ಅಂಟಿಕೊಂಡಿರುವ’ ಎಂದು ಅರ್ಥಮಾಡುವವರಿದ್ದಾರೆ. ಆ ಒಂದು ಶಬ್ದದ ಮೇಲೆಯೇ ಸಿದ್ಧಾಂತವನ್ನು ನಿಲ್ಲಿಸುವುದು ಕಷ್ಟ. ಆದರೆ ಅದೇ ಅಧ್ಯಾಯದಲ್ಲಿ ಕಿವಿಯ ಹಾಲೆಯೇ ಇಲ್ಲದವನಿಗೆ ಹಾಲೆಯನ್ನು ಮಾಡುವ ವಿಧಿಯನ್ನು ಹೇಳುವಾಗ, ಕೆನ್ನೆಯಿಂದ ಎತ್ತಿದ ಮಾಂಸಕ್ಕೆ ಎರಡು ವಿಶೇಷಣಗಳನ್ನು ಸಂಹಿತೆಯು ಕೊಟ್ಟಿದೆ. ಆ ಮಾಂಸವು ‘ಸಾನುಬಂಧ’ವಾಗಿರಬೇಕು, ಅಂದರೆ ಮೂಲಸ್ಥಾನದೊಡನೆ ಸಂಬಂಧವನ್ನು ಉಳಿಸಿಕೊಂಡಿರಬೇಕು, ಮತ್ತು ‘ಜೀವತ್’ ಅಂದರೆ ಜೀವಂತವಾಗಿರಬೇಕು. ಇಲ್ಲಿ ಸಂದೇಹಕ್ಕೆ ಅವಕಾಶವಿಲ್ಲ. ಒಂದೇ ಅಧ್ಯಾಯದ ಸಮೀಪದ ವಿಧಿಯಾದುದರಿಂದ ಮೂಗಿನ ವಿಷಯದಲ್ಲಿಯೂ ಇದೇ ಅಭಿಪ್ರಾಯವೆಂದು ಊಹಿಸುವುದು ನ್ಯಾಯವಾದುದು.

ಈ ಎರಡು ವಿಶೇಷಣಗಳಲ್ಲಿ ಒಂದು ಕಾರಣ, ಇನ್ನೊಂದು ಕಾರ್ಯ. ಸಂಬಂಧವಿದ್ದರೆ ರಕ್ತವು ಹರಿಯುತ್ತದೆ. ರಕ್ತವು ಹರಿದರೆ ಮಾಂಸವು ಜೀವಿಸುತ್ತದೆ. ಜೀವಿಸುವ ಮಾಂಸವೇ ಹೊಸ ಸ್ಥಳದಲ್ಲಿ ಬೇರೂರುತ್ತದೆ. ಸುಶ್ರುತನ ನಿಜವಾದ ಸಾಧನೆಯು ಈ ನಿಯಮ. ‘ಕೃತಕಚರ್ಮ’ವನ್ನು ಅವನಲ್ಲಿ ಹುಡುಕುವವರಿಗೆ ದೊರೆಯುವುದು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದ ಯೋಗ್ಯಾವಿಧಿಯಲ್ಲಿ, ಅಂದರೆ ಶಿಷ್ಯರ ಅಭ್ಯಾಸಪ್ರಕರಣದಲ್ಲಿ ಮಾತ್ರ. ಕೆರೆಯುವ ಅಭ್ಯಾಸಕ್ಕೆ ಹಿಗ್ಗಿಸಿ ಕಟ್ಟಿದ ರೋಮಸಹಿತವಾದ ತೊಗಲು, ಹೊಲಿಯುವ ಅಭ್ಯಾಸಕ್ಕೆ ಬಟ್ಟೆಯ ಅಂಚು ಮತ್ತು ಮೃದುವಾದ ತೊಗಲು, ಕಿವಿಯನ್ನು ಕೂಡಿಸುವ ಅಭ್ಯಾಸಕ್ಕೆ ಮೃದುವಾದ ಚರ್ಮಮಾಂಸಗಳ ತುಂಡುಗಳು ಮತ್ತು ನೈದಿಲೆಯ ದಂಟು ಅಲ್ಲಿ ಹೇಳಲ್ಪಟ್ಟಿವೆ. ಸತ್ತ ತೊಗಲು ಶಿಷ್ಯನ ಕೈ ಪಳಗುವುದಕ್ಕೆ ಸಾಕು. ರೋಗಿಯ ಮುಖಕ್ಕೆ ಜೀವಂತವಾದದ್ದೇ ಬೇಕು. ಪರಸ್ಥಾನದ ಚರ್ಮವಾಗಲಿ ನಿರ್ಜೀವವಸ್ತುವಾಗಲಿ ಚರ್ಮದ ಸ್ಥಾನದಲ್ಲಿ ನಿಂತು ಶರೀರದೊಡನೆ ಒಂದಾಗುತ್ತದೆಂಬ ಮಾತು ಆ ಪ್ರಕರಣದಲ್ಲಿ ಎಲ್ಲಿಯೂ ಇಲ್ಲ.

೪. ಶ್ರೀರಂಗಪಟ್ಟಣದ ಯುದ್ಧ ಮತ್ತು ಪುಣೆಯ ಕೈವಾಡ

ಈ ನಿಯಮವು ಗ್ರಂಥದಿಂದ ಹೊರಗೆ, ಕೈಯಿಂದ ಕೈಗೆ ಸಾಗಿಬಂದಿತ್ತೆಂಬುದಕ್ಕೆ ದೊರೆಯುವ ಪ್ರಸಿದ್ಧ ಸಾಕ್ಷ್ಯವು ಕರ್ಣಾಟಕದ ಇತಿಹಾಸದೊಡನೆ ಹೆಣೆದುಕೊಂಡಿದೆ. ಮೂಗನ್ನು ಕೊಯ್ಯುವ ಶಿಕ್ಷೆಯು ದಕ್ಷಿಣದೇಶಕ್ಕೆ ಅಪರಿಚಿತವಾಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಮೈಸೂರು ಮತ್ತು ಮಧುರೆಗಳ ನಡುವೆ ನಡೆದ ಕದನವು ‘ಮೂಗಿನ ಯುದ್ಧ’ವೆಂದೇ ಹೆಸರಾಗಿದೆ. ೧೭೯೦ರಿಂದ ೧೭೯೨ರ ವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನು ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿಯ ಸೈನ್ಯವನ್ನು ಸೇರಿದನು. ಸುಮಾರು ಒಂದು ವರ್ಷಕಾಲ ಮೂಗಿಲ್ಲದೆ ಇದ್ದ ಮೇಲೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಈ ವೃತ್ತಾಂತವು ೧೭೯೪ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೇಮ್ಸ್ ವೇಲ್ಸ್ ಎಂಬ ಚಿತ್ರಗಾರನು ಬರೆದ ಕಾವಸ್‌ಜಿಯ ಭಾವಚಿತ್ರವೂ ಪ್ರಚಾರಕ್ಕೆ ಬಂದಿತು.

ಆ ಬರಹದಲ್ಲಿರುವ ಕ್ರಿಯಾವಿವರಣೆಯು ಸೂಕ್ಷ್ಮವಾಗಿದೆ. ಮೇಣದ ತೆಳುವಾದ ಹಾಳೆಯನ್ನು ಮೂಗಿನ ಮೋಟಿಗೆ ಹೊಂದುವಂತೆ ಮೂಗಿನ ಆಕಾರದಲ್ಲಿ ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆಯೆಳೆಯುವುದು. ಆ ಗೆರೆಯಂತೆ ಹಣೆಯ ಚರ್ಮವನ್ನು ಬಿಡಿಸುವುದು. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಡುವುದು. ಮೋಟಿನ ಸುತ್ತ ಗಾಯಮಾಡಿ, ಬಿಡಿಸಿದ ಚರ್ಮವನ್ನು ತಿರುಗಿಸಿ ಕೆಳಕ್ಕೆ ತಂದು ಅದರೊಳಗೆ ಸೇರಿಸುವುದು. ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಒಂದರ ಮೇಲೊಂದು ಐದಾರು ಪಟ್ಟಿಗಳನ್ನು ಅಂಟಿಸುವುದು. ನಾಲ್ಕು ದಿವಸಗಳಾದ ಮೇಲೆ ಅವನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನಿಡುವುದು. ಸುಮಾರು ಇಪ್ಪತ್ತೈದನೆಯ ದಿವಸದಲ್ಲಿ ನಡುವಣ ಪಟ್ಟಿಯನ್ನು ಕತ್ತರಿಸುವುದು. ಕತ್ತರಿಸದೆ ಬಿಟ್ಟ ಆ ಪಟ್ಟಿಯು ಚರ್ಮವು ಕೂಡಿಕೊಳ್ಳುವ ವರೆಗೆ ರಕ್ತಸಂಚಾರವನ್ನು ಕಾಪಾಡುತ್ತದೆಂದು ವರದಿಗಾರನು ಸ್ಪಷ್ಟವಾಗಿ ಹೇಳಿದ್ದಾನೆ. ಸಂಹಿತೆಯ ‘ಸಾನುಬಂಧ’ ಶಬ್ದದ ಅರ್ಥವು ಇದೇ.

ಆದರೂ ಪುಣೆಯ ಆ ಕೆಲಸಗಾರನು ಸುಶ್ರುತನನ್ನು ಅನುಸರಿಸಿದನೆಂದು ಹೇಳಿಬಿಡುವುದು ಸಾಹಸವಾದೀತು. ಗ್ರಂಥದಲ್ಲಿ ಕೆನ್ನೆ, ಇಲ್ಲಿ ಹಣೆ. ಗ್ರಂಥದಲ್ಲಿ ಎಲೆ, ಇಲ್ಲಿ ಮೇಣ. ಗ್ರಂಥದಲ್ಲಿ ಯಷ್ಟಿಮಧು ಮತ್ತು ಎಳ್ಳೆಣ್ಣೆ, ಇಲ್ಲಿ ಕಾಚು ಮತ್ತು ತುಪ್ಪ. ಕೆನ್ನೆಗಿಂತ ಹಣೆಯ ಚರ್ಮವನ್ನು ಆರಿಸಿದುದರಲ್ಲಿ ಸ್ವತಂತ್ರವಾದ ಅನುಭವವು ತೋರಿಬರುತ್ತದೆ. ಹಣೆಯ ಚರ್ಮಕ್ಕೆ ಹುಬ್ಬುಗಳ ನಡುವಿನಿಂದ ಮೇಲೇರುವ ರಕ್ತನಾಳಗಳ ಆಶ್ರಯವು ಬಲವಾಗಿದೆಯೆಂದು ಇಂದಿನ ಶಾರೀರಜ್ಞರೂ ಒಪ್ಪುತ್ತಾರೆ. ಶಾಸ್ತ್ರಪಾಠವು ವೈದ್ಯರ ಮನೆಗಳಲ್ಲಿ ಉಳಿಯಿತು. ಶಸ್ತ್ರಕರ್ಮವು ಮಣ್ಣನ್ನು ಮಿದಿಯುವ ಕೈಗಳಲ್ಲಿ ಬದುಕಿ ಬೆಳೆಯಿತು. ಕಾವಸ್‌ಜಿಯ ಹೆಸರೂ, ಚಿತ್ರಗಾರನ ಹೆಸರೂ, ಈ ಕ್ರಿಯೆಯನ್ನು ಕಂಡ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರುಗಳೂ ಉಳಿದಿವೆ. ಮೂಗನ್ನು ಮಾಡಿದವನ ಹೆಸರನ್ನು ಆ ಪತ್ರಿಕೆಯು ತಿಳಿಸಲಿಲ್ಲ. ಸುಶ್ರುತನ ಕೀರ್ತಿಯನ್ನು ಹಾಡುವ ಲೇಖನಗಳು ಈ ಅನಾಮಧೇಯನ ಋಣವನ್ನೂ ನೆನೆಯುವುದು ಯುಕ್ತ. ಏಕೆಂದರೆ ಯುರೋಪು ಖಂಡವು ಈ ವಿದ್ಯೆಯನ್ನು ಹೊಸದಾಗಿ ಕೈಗೊಂಡುದು ಗ್ರಂಥವನ್ನು ಓದಿ ಅಲ್ಲ, ಈ ವರದಿಯನ್ನು ಓದಿ.

ಯುರೋಪಿನಲ್ಲಿಯೂ ಹದಿನೈದನೆಯ ಶತಮಾನದಲ್ಲಿ ಸಿಸಿಲಿಯ ಬ್ರಾಂಕಾ ಮನೆತನದವರು ಮೂಗನ್ನು ನಿರ್ಮಿಸುತ್ತಿದ್ದರು. ೧೫೯೭ರಲ್ಲಿ ಬೊಲೋನ್ಯದ ಟಾಲಿಯಾಕೋಟ್ಸಿಯು ತೋಳಿನ ಚರ್ಮದಿಂದ ಮೂಗನ್ನು ಮಾಡುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಅವನ ಕ್ರಮದಲ್ಲಿಯೂ ಸಂಬಂಧವನ್ನು ಕಡಿಯದಿರುವುದಕ್ಕಾಗಿ ತೋಳನ್ನೇ ಮುಖಕ್ಕೆ ಸೇರಿಸಿ ವಾರಗಟ್ಟಲೆ ಕಟ್ಟಿಡುತ್ತಿದ್ದರು. ಅನಂತರ ಅಲ್ಲಿ ಈ ವಿದ್ಯೆಯು ಬಹುಮಟ್ಟಿಗೆ ಲುಪ್ತವಾಯಿತು. ೧೭೯೪ರ ವರದಿಯಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಹೆಣಗಳ ಮೇಲೆ ಅಭ್ಯಾಸಮಾಡಿ, ೧೮೧೪ರ ಅಕ್ಟೋಬರ್ ೨೩ರಂದು ಲಂಡನ್ನಿನಲ್ಲಿ ಹಣೆಯ ಚರ್ಮದಿಂದ ಮೂಗನ್ನು ನಿರ್ಮಿಸಿ, ೧೮೧೬ರಲ್ಲಿ ತನ್ನ ಎರಡು ಸಫಲಪ್ರಯೋಗಗಳನ್ನು ಪ್ರಕಟಿಸಿದನು. ‘ಭಾರತೀಯ ವಿಧಾನ’ವೆಂಬ ಹೆಸರು ಅಂದಿನಿಂದ ಶಸ್ತ್ರವೈದ್ಯದ ಪುಸ್ತಕಗಳಲ್ಲಿ ನೆಲೆಸಿತು.

೫. ಸಂಬಂಧವನ್ನು ಕಡಿದುಕೊಂಡ ಚರ್ಮ

ಮೂಗು ಚಿಕ್ಕ ಅಂಗ. ನೆರೆಯ ಹಣೆಯಿಂದ ಅದಕ್ಕೆ ಬೇಕಾದುದನ್ನು ಸಾಲತರಬಹುದು. ಎದೆ, ಬೆನ್ನು, ತೊಡೆಗಳು ಸುಟ್ಟುಹೋದವನಿಗೆ ಸಾನುಬಂಧವಾದ ಚರ್ಮವನ್ನು ಎಲ್ಲಿಂದ ತರುವುದು? ‘ಸಾನುಬಂಧ’ ಎಂಬ ಮೊದಲ ವಿಶೇಷಣವನ್ನು ಬಿಟ್ಟು ‘ಜೀವತ್’ ಎಂಬ ಎರಡನೆಯದನ್ನು ಮಾತ್ರ ಉಳಿಸಿಕೊಳ್ಳಬಹುದೇ ಎಂಬುದು ಹತ್ತೊಂಬತ್ತನೆಯ ಶತಮಾನದ ಪ್ರಶ್ನೆಯಾಯಿತು.

೧೮೬೯ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸಮಾಡುತ್ತಿದ್ದ ರೆವರ್ಡಿನ್ ಎಂಬ ತರುಣವೈದ್ಯನು ಹೊರಚರ್ಮದ ಅತಿಸಣ್ಣ ಚೂರುಗಳನ್ನು ಪೂರ್ತಿಯಾಗಿ ಕಿತ್ತು, ಮಾಯುತ್ತಿರುವ ಹಸಿಗಾಯದ ಮೇಲಿಟ್ಟು, ಅವು ದ್ವೀಪಗಳಂತೆ ನಿಂತು ಸುತ್ತಲೂ ಹರಡುವುದನ್ನು ತೋರಿಸಿದನು. ೧೮೭೨ರಲ್ಲಿ ಒಲಿಯೆ, ೧೮೭೪ರಲ್ಲಿ ಥಿಯರ್ಶ್ ಎಂಬುವರು ತೆಳುವಾದ ಅಗಲ ಹಾಳೆಗಳನ್ನು ಉಪಯೋಗಿಸಿದರು. ೧೮೭೫ರಲ್ಲಿ ಗ್ಲಾಸ್ಗೋ ನಗರದ ವುಲ್ಫ್ ಎಂಬುವನು ಕಣ್ಣಿನ ರೆಪ್ಪೆಗಾಗಿ ಪೂರ್ಣವಾದ ದಪ್ಪವುಳ್ಳ ಚರ್ಮವನ್ನು ನೆಟ್ಟನು. ಹೀಗೆ ನೆಟ್ಟ ಚರ್ಮವು ಮೊದಲ ಒಂದೆರಡು ದಿವಸಗಳು ಗಾಯದಿಂದ ಒಸರುವ ರಸವನ್ನೇ ಹೀರಿ ಬದುಕಿ, ಅಷ್ಟರೊಳಗೆ ಕೆಳಗಿನಿಂದ ರಕ್ತನಾಳಗಳನ್ನು ಪಡೆದುಕೊಳ್ಳುತ್ತದೆ. ತೆಳುವಾದಷ್ಟೂ ಬದುಕುವ ಸಂಭವ ಹೆಚ್ಚು. ಆದರೆ ತೆಳುವಾದಷ್ಟೂ ಒಳಚರ್ಮದ ಅಂಶವು ಕಡಮೆಯಾಗಿ, ಮಾಯ್ದ ಮೇಲೆ ಸುಕ್ಕಿ ಎಳೆಯುವ ದೋಷವು ಹೆಚ್ಚು. ೧೯೩೯ರಲ್ಲಿ ನಿಶ್ಚಿತವಾದ ದಪ್ಪಕ್ಕೆ ಚರ್ಮವನ್ನು ಸೀಳುವ ಯಂತ್ರವೂ, ೧೯೬೪ರಲ್ಲಿ ಚರ್ಮವನ್ನು ಬಲೆಯಂತೆ ಸೀಳಿ ಹಿಗ್ಗಿಸಿ ಹೊದಿಸುವ ಉಪಾಯವೂ ಬಳಕೆಗೆ ಬಂದು ಈ ವಿದ್ಯೆಯನ್ನು ಸುಲಭಗೊಳಿಸಿದುವು.

ಇಷ್ಟಾದರೂ ಲೆಕ್ಕದ ತೊಡಕೊಂದು ಉಳಿಯಿತು. ದೇಹದ ಅರ್ಧಕ್ಕಿಂತ ಹೆಚ್ಚು ಭಾಗವು ಆಳವಾಗಿ ಸುಟ್ಟಿದ್ದರೆ ಹೊದಿಸುವುದಕ್ಕೆ ಬೇಕಾದಷ್ಟು ಸ್ವಂತ ಚರ್ಮವೇ ಇರುವುದಿಲ್ಲ. ಹೊದಿಕೆಯಿಲ್ಲದ ದೇಹದಿಂದ ನೀರೂ ಶಾಖವೂ ಸೋರಿಹೋಗುತ್ತವೆ, ರೋಗಾಣುಗಳು ಒಳಹೊಗುತ್ತವೆ. ಬೇರೊಬ್ಬರ ಚರ್ಮವನ್ನು ತರುವುದೇ ಸಹಜವಾದ ಉಪಾಯವೆಂದು ತೋರಿತು.

೬. ಪರಕೀಯಚರ್ಮದ ಗತಿ

ಬೇರೊಬ್ಬರ ಚರ್ಮವನ್ನು ನೆಟ್ಟಾಗ ಅದು ಮೊದಲು ಹತ್ತಿಕೊಂಡಂತೆ ಕಂಡು, ಕೆಲವು ದಿವಸಗಳಲ್ಲಿ ಕೊಳೆತು ಉದುರುತ್ತಿತ್ತು. ೧೯೪೩ರಲ್ಲಿ ಗ್ಲಾಸ್ಗೋವಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾದ ಗಿಬ್ಸನ್ ಮತ್ತು ಪ್ರಾಣಿಶಾಸ್ತ್ರಜ್ಞನಾದ ಮೆಡಾವರ್ ಇಬ್ಬರೂ ಸುಟ್ಟಗಾಯದ ಒಬ್ಬ ಸ್ತ್ರೀಗೆ ಅವಳ ಸ್ವಂತ ಚರ್ಮದ ಚೂರುಗಳನ್ನೂ ಅವಳ ಸಹೋದರನ ಚರ್ಮದ ಚೂರುಗಳನ್ನೂ ನೆಟ್ಟು ಪರೀಕ್ಷಿಸಿದರು. ಸ್ವಂತದವು ನಿಂತುವು; ಸಹೋದರನವು ನಾಶವಾದುವು. ಅವನ ಚರ್ಮವನ್ನೇ ಎರಡನೆಯ ಸಲ ನೆಟ್ಟಾಗ ಮೊದಲಿಗಿಂತ ಶೀಘ್ರವಾಗಿ ನಾಶವಾದುವು. ಒಡಹುಟ್ಟಿದವನ ಚರ್ಮವನ್ನೂ ಶರೀರವು ಪರಕೀಯವೆಂದು ಗುರುತಿಸುತ್ತದೆ, ಆ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ ಎಂದು ಇದರಿಂದ ಸಿದ್ಧವಾಯಿತು. ಮೆಡಾವರನು ಈ ಮಾರ್ಗದಲ್ಲಿ ನಡೆಸಿದ ಸಂಶೋಧನೆಗಳಿಗೆ ೧೯೬೦ರಲ್ಲಿ ನೊಬೆಲ್ ಪಾರಿತೋಷಿಕವು ಬಂದಿತು.

ಸುಶ್ರುತನ ಎರಡು ವಿಶೇಷಣಗಳಿಗೆ ಹೀಗೆ ಮೂರನೆಯದೊಂದು ಸೇರಿತೆನ್ನಬಹುದು. ಚರ್ಮವು ಜೀವಂತವಾಗಿದ್ದರೆ ಸಾಲದು, ‘ಸ್ವಕೀಯ’ವಾಗಿಯೂ ಇರಬೇಕು. ರೋಗಿಯ ಕೆನ್ನೆಯಿಂದಲೇ ಚರ್ಮವನ್ನು ಎತ್ತುತ್ತಿದ್ದ ಸಂಹಿತಾಕಾರನಿಗೆ ಈ ವಿಶೇಷಣವನ್ನು ಹೇಳುವ ಅವಶ್ಯಕತೆಯೇ ಬೀಳಲಿಲ್ಲ. ಮೃತರಿಂದ ತೆಗೆದಿರಿಸಿದ ಚರ್ಮವು ಚರ್ಮಭಾಂಡಾರಗಳ ಮೂಲಕ ಇಂದಿಗೂ ಅನೇಕರ ಪ್ರಾಣವನ್ನು ಉಳಿಸುತ್ತಿದೆ. ಆದರೆ ಅದು ಕೆಲವು ವಾರಗಳ ಹೊದಿಕೆ ಮಾತ್ರ.

೭. ನಿರ್ಜೀವವಾದ ಆಧಾರ

ಜೀವಂತವಾದ ಪರಚರ್ಮವನ್ನು ಶರೀರವು ತಳ್ಳುವುದಾದರೆ, ಜೀವವೇ ಇಲ್ಲದ ವಸ್ತುವನ್ನು ಕೊಟ್ಟು ನೋಡಬಾರದೇಕೆ? ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯನಾದ ಜಾನ್ ಬರ್ಕ್, ಗ್ರೀಸ್ ದೇಶದಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕನಾಗಿದ್ದ ಅಯೋನಿಸ್ ಯಾನಾಸ್ ಇವರಿಬ್ಬರೂ ಕೂಡಿ ನಡೆಸಿದ ಸಂಶೋಧನೆಯ ಫಲವು ೧೯೮೧ರಲ್ಲಿ ಪ್ರಕಟವಾಯಿತು.

ಇವರು ಸಿದ್ಧಪಡಿಸಿದ ಹೊದಿಕೆಗೆ ಎರಡು ಪದರಗಳು. ಮೇಲಿನದು ಸಿಲಿಕೋನಿನ ತೆಳುಪೊರೆ. ಇದು ನೀರನ್ನು ತಡೆದು ರೋಗಾಣುಗಳನ್ನು ಹೊರಗಿಡುತ್ತದೆ. ಕೆಳಗಿನದು ದನದ ತೊಗಲಿನಿಂದ ತೆಗೆದ ಕೊಲಾಜನ್ ಎಂಬ ನಾರಿಗೆ, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ದ್ರವ್ಯವೊಂದನ್ನು ಸೇರಿಸಿ ಮಾಡಿದ, ಸೂಕ್ಷ್ಮರಂಧ್ರಗಳುಳ್ಳ ಜಾಲ. ಸುಟ್ಟ ಭಾಗವನ್ನು ಬೇಗನೆ ಕೆತ್ತಿ ತೆಗೆದು ಇದನ್ನು ಹೊದಿಸಿದರೆ, ಗಾಯದ ತಳದಿಂದ ರೋಗಿಯ ಸ್ವಂತ ಜೀವಕೋಶಗಳೂ ರಕ್ತನಾಳಗಳೂ ಜಾಲದೊಳಗೆ ಹೊಕ್ಕು ಹೊಸ ಒಳಚರ್ಮವನ್ನು ನೇಯುತ್ತವೆ. ಅವು ನೇಯ್ದಂತೆಲ್ಲ ಜಾಲವು ತಾನೇ ಕರಗುತ್ತ ಹೋಗುತ್ತದೆ. ಒಳಚರ್ಮವು ಸಿದ್ಧವಾದ ಮೇಲೆ ಸಿಲಿಕೋನಿನ ಪೊರೆಯನ್ನು ಸುಲಿದು, ರೋಗಿಯದೇ ಆದ ಹೊರಚರ್ಮದ ಸುಮಾರು ೦.೧ ಮಿಲಿಮೀಟರು ದಪ್ಪದ ಹಾಳೆಯನ್ನು ಹೊದಿಸುತ್ತಾರೆ. ೧೯೮೧ರ ವರದಿಯಲ್ಲಿ ಹತ್ತು ರೋಗಿಗಳ ವೃತ್ತಾಂತವಿದೆ. ಅವರ ದೇಹದ ನೂರಕ್ಕೆ ೫೦ರಿಂದ ೯೫ ಭಾಗದ ವರೆಗೆ ಸುಟ್ಟಿದ್ದಿತು. ಮೇಲಿನ ಪೊರೆಯು ೪೬ ದಿವಸಗಳ ವರೆಗೂ ಗಾಯವನ್ನು ಮುಚ್ಚಿ ಕಾಪಾಡಿತು. ೧೯೯೬ರಲ್ಲಿ ಅಮೆರಿಕದ ಸರಕಾರದ ಔಷಧವಿಭಾಗವು ಇಂಟೆಗ್ರಾ ಎಂಬ ಹೆಸರಿನಲ್ಲಿ ಇದರ ಮಾರಾಟಕ್ಕೆ ಸಮ್ಮತಿಯನ್ನಿತ್ತಿತು.

ಈ ಕ್ರಿಯೆಯ ಗುಟ್ಟು ಎರಡು ಪ್ರಮಾಣಗಳಲ್ಲಿದೆ. ರಂಧ್ರಗಳು ಅತಿಚಿಕ್ಕವಾದರೆ ಜೀವಕೋಶಗಳು ಒಳಹೊಗಲಾರವು. ಅತಿದೊಡ್ಡವಾದರೆ ಅವು ಹಿಡಿದು ನಿಲ್ಲಲು ಆಧಾರ ಸಾಲದು. ಜಾಲವು ಬೇಗನೆ ಕರಗಿದರೆ ಗಾಯವು ಸುಕ್ಕಿ ಎಳೆಯುತ್ತದೆ. ತಡವಾಗಿ ಕರಗಿದರೆ ಹೊಸ ನೇಯ್ಗೆಗೆ ಅಡ್ಡಿಯಾಗುತ್ತದೆ. ಆಳವಾದ ಗಾಯದಲ್ಲಿ ಮನುಷ್ಯಶರೀರವು ತಾನಾಗಿ ಒಳಚರ್ಮವನ್ನು ಮರಳಿ ಕಟ್ಟದೆ ಒರಟಾದ ಕಲೆಯನ್ನು ಕಟ್ಟುತ್ತದೆ. ಯೋಗ್ಯವಾದ ಆಧಾರವನ್ನು ಯೋಗ್ಯವಾದ ಕಾಲದ ವರೆಗೆ ಕೊಟ್ಟರೆ ಅದೇ ಶರೀರವು ಒಳಚರ್ಮವನ್ನು ಹೋಲುವ ಪದರವನ್ನು ಕಟ್ಟುತ್ತದೆ. ಆದುದರಿಂದ ‘ಕೃತಕಚರ್ಮ’ವೆಂದು ಪ್ರಸಿದ್ಧವಾದ ಈ ವಸ್ತುವು ಚರ್ಮವಲ್ಲ, ಚರ್ಮವು ಹುಟ್ಟುವುದಕ್ಕೆ ಹಾಕಿದ ಚಪ್ಪರ. ಬಳ್ಳಿಯು ಹಬ್ಬಿದ ಮ��ಲೆ ಚಪ್ಪರವು ಉಳಿಯುವುದಿಲ್ಲ. ಕೊನೆಯಲ್ಲಿ ರೋಗಿಯ ಮೈಮೇಲೆ ನಿಲ್ಲುವುದು ಜೀವಂತವೂ ಸ್ವಕೀಯವೂ ಆದ ಚರ್ಮವೇ. ಸಂಹಿತೆಯ ನಿಯಮವನ್ನು ಈ ಹೊಸ ವಿದ್ಯೆಯು ಮೀರಲಿಲ್ಲ. ಆ ನಿಯಮವು ಈಡೇರುವ ವರೆಗಿನ ಅಂತರವನ್ನು ದಾಟಲು ಸೇತುವೆಯನ್ನು ಕಟ್ಟಿತು.

೮. ಬೆಳೆಸಿದ ಹೊರಚರ್ಮ

ಇದೇ ಕಾಲದಲ್ಲಿ ಇನ್ನೊಂದು ಮಾರ್ಗವೂ ತೆರೆಯಿತು. ೧೯೭೫ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ವಿದ್ವಾಂಸರು ಮನುಷ್ಯರ ಹೊರಚರ್ಮದ ಕೋಶಗಳನ್ನು, ವೃದ್ಧಿಯಾಗದಂತೆ ಮಾಡಿದ ಇಲಿಯ ಕೋಶಗಳ ಆಸರೆಯಲ್ಲಿ, ಗಾಜಿನ ಪಾತ್ರೆಗಳಲ್ಲಿ ಬೆಳೆಸುವ ಕ್ರಮವನ್ನು ಕಂಡುಹಿಡಿದರು. ಅಂಚೆಯ ಚೀಟಿಯಷ್ಟು ಚರ್ಮವು ಕೆಲವು ವಾರಗಳಲ್ಲಿ ಸಾವಿರಾರು ಪಟ್ಟು ವಿಸ್ತಾರವಾಗಿ, ಹಾಲಿನ ಕೆನೆಯಂತೆ ತೆಳುವಾದ ಹಾಳೆಗಳಾಗುತ್ತದೆ. ತ್ವಕ್ಕಿನ ಉತ್ಪತ್ತಿಗೆ ಸುಶ್ರುತನು ಕೊಟ್ಟ ಉಪಮಾನವನ್ನು ಇದು ನೆನಪಿಗೆ ತರುತ್ತದೆ. ಸಾದೃಶ್ಯವು ಕಣ್ಣಿಗೆ ಮಾತ್ರ, ಕಾರಣದಲ್ಲಿ ಇಲ್ಲವೆಂಬುದನ್ನು ಮರೆಯಬಾರದು. ೧೯೮೧ರಲ್ಲಿ ಸುಟ್ಟಗಾಯಗಳ ಮೇಲೆ ಇದರ ಪ್ರಥಮ ಪ್ರಯೋಗವು ಪ್ರಕಟವಾಯಿತು. ದೇಹದ ನೂರಕ್ಕೆ ೯೫ಕ್ಕಿಂತಲೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಬಾಲಕರು ಇದರಿಂದ ಬದುಕಿದ ವೃತ್ತಾಂತವು ೧೯೮೪ರಲ್ಲಿ ಪ್ರಕಟವಾಯಿತು.

ಯೂಜೀನ್ ಬೆಲ್ ಎಂಬುವನು ಕೊಲಾಜನ್ ಜಾಲದಲ್ಲಿ ಜೀವಕೋಶಗಳನ್ನು ನೆಲೆಗೊಳಿಸಿ ಎರಡು ಪದರಗಳ ಜೀವಂತ ಹೊದಿಕೆಯನ್ನು ಮಾಡಿ ೧೯೮೧ರಲ್ಲಿಯೇ ಪ್ರಕಟಿಸಿದನು. ಆ ಮಾರ್ಗದಲ್ಲಿ ಸಿದ್ಧವಾದ ಆಪ್ಲಿಗ್ರಾಫ್ ಎಂಬುದಕ್ಕೆ ೧೯೯೮ರಲ್ಲಿ ಕಾಲಿನ ಸಿರಾವ್ರಣಗಳ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಸಮ್ಮತಿ ದೊರೆಯಿತು. ಇದರಲ್ಲಿರುವ ಕೋಶಗಳು ಪರರವು. ಅವು ರೋಗಿಯ ದೇಹದಲ್ಲಿ ಶಾಶ್ವತವಾಗಿ ನಿಲ್ಲುವುದಿಲ್ಲ. ಇರುವಷ್ಟು ಕಾಲ ಪೋಷಕರಸಗಳನ್ನು ಒಸರಿ, ಸ್ತಬ್ಧವಾಗಿರುವ ವ್ರಣವನ್ನು ಮಾಯುವ ದಾರಿಗೆ ಹಚ್ಚುತ್ತವೆ.

೨೦೧೭ರಲ್ಲಿ ಪ್ರಕಟವಾದ ಒಂದು ಸಾಧನೆಯು ಇನ್ನೂ ಮುಂದೆ ಹೋಯಿತು. ಹುಟ್ಟಿನಿಂದಲೇ ಚರ್ಮವು ಗುಳ್ಳೆಯೆದ್ದು ಕಿತ್ತುಬರುವ ವಂಶಗತರೋಗವುಳ್ಳ ಏಳು ವರ್ಷದ ಒಬ್ಬ ಬಾಲಕನ ಕೋಶಗಳನ್ನು ಇಟಲಿಯ ಮೋಡೆನಾ ನಗರದಲ್ಲಿ ಡಿ ಲೂಕಾ ಎಂಬುವನ ಬಳಗದವರು ತಿದ್ದಿ ಬೆಳೆಸಿದರು. ಜರ್ಮನಿಯ ಬೋಕುಮ್ ನಗರದ ಶಸ್ತ್ರವೈದ್ಯರು ಅವನ ದೇಹದ ನೂರಕ್ಕೆ ೮೦ ಭಾಗದಷ್ಟು ಹೊರಚರ್ಮವನ್ನು ಹೊಸದಾಗಿ ಹೊದಿಸಿದರು. ಇಲ್ಲಿಯೂ ಚರ್ಮವು ಬಾಲಕನದೇ. ಅದರ ದೋಷವನ್ನು ಮಾತ್ರ ತಿದ್ದಲಾಯಿತು.

೯. ಉಪಸಂಹಾರ

ಇಷ್ಟೆಲ್ಲ ನಡೆದರೂ ಪ್ರತಿನಿಧಿಯು ಮುಖ್ಯವಾಗಿಲ್ಲ. ಇಲ್ಲಿ ಹೇಳಿದ ಹೊದಿಕೆಗಳಿಂದ ಮಾಯ್ದ ಸ್ಥಳದಲ್ಲಿ ಬೆವರಿನ ಗ್ರಂಥಿಗಳೂ ಕೂದಲಿನ ಮೂಲಗಳೂ ಮರಳಿ ಹುಟ್ಟುವುದಿಲ್ಲ. ವಿಸ್ತಾರವಾಗಿ ಸುಟ್ಟು ಬದುಕಿದವನಿಗೆ ಬಿಸಿಲಿನ ತಾಪವನ್ನು ಸಹಿಸುವುದು ಕಷ್ಟ. ಬಣ್ಣವು ಸುತ್ತಣ ಚರ್ಮದೊಡನೆ ಸರಿಯಾಗಿ ಹೊಂದುವುದು ಅಪೂರ್ವ. ವರ್ಣವನ್ನು ಮರಳಿಸುವುದು, ರೋಮವನ್ನು ಹುಟ್ಟಿಸುವುದು ಎಂದು ಸುಶ್ರುತನು ವ್ರಣಚಿಕಿತ್ಸೆಯ ಕೊನೆಯಲ್ಲಿ ಇರಿಸಿದ ಉಪಕ್ರಮಗಳು ಇಂದಿನ ವಿದ್ಯೆಗೂ ಕೊನೆಯ ಸಮಸ್ಯೆಗಳಾಗಿ ಉಳಿದಿವೆ. ರೋಪಣವು ಸಾಧ್ಯವಾಗಿದೆ, ವೈಕೃತಾಪಹವು ಇನ್ನೂ ಪೂರ್ತಿಯಾಗಿ ಸಾಧ್ಯವಾಗಿಲ್ಲ.

ವೆಚ್ಚದ ವಿಷಯವೂ ವಿಚಾರಾರ್ಹವಾದುದು. ಇಂತಹ ಹೊದಿಕೆಗಳು ಬಡರೋಗಿಗಳ ಕೈಗೆ ಎಟಕುವುದು ಕಷ್ಟ. ಈ ಕಾರಣದಿಂದ ಭಾರತದ ವೈದ್ಯರು ಸುಲಭವಸ್ತುಗಳ ಕಡೆಗೆ ಗಮನಕೊಟ್ಟರು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟಗಾಯಕ್ಕೆ ಹೊದಿಸುವ ಪ್ರಯೋಗವನ್ನು ಮುಂಬಯಿಯ ವೈದ್ಯರು ೧೯೮೫ರಲ್ಲಿ ಪ್ರಕಟಿಸಿದರು. ಬಾಳೆಯೆಲೆಯ ಹೊದಿಕೆಯ ಪರೀಕ್ಷೆಯು ೨೦೦೩ರಲ್ಲಿ ಪ್ರಕಟವಾಯಿತು. ಚೆನ್ನೈಯ ಕೇಂದ್ರೀಯ ಚರ್ಮಸಂಶೋಧನಾಲಯದಲ್ಲಿ ಕೊಲಾಜನ್ ಹೊದಿಕೆಗಳ ಮೇಲೆ ಸಂಶೋಧನೆಗಳು ನಡೆದಿವೆ. ಇವು ಹೆಚ್ಚು ಆಳವಲ್ಲದ ಗಾಯಗಳನ್ನು ಮುಚ್ಚಿ, ನೋವನ್ನು ತಗ್ಗಿಸಿ, ಶರೀರವು ತಾನಾಗಿ ಮಾಯುವುದಕ್ಕೆ ಅವಕಾಶವನ್ನು ಕೊಡತಕ್ಕವು. ಸಂಹಿತೆಯ ಪತ್ರದಾನಕ್ಕೆ ಇವು ಸಮೀಪವಾದುವು. ಆಳವಾಗಿ ಬೆಂದ ದೇಹಕ್ಕೆ ಸಾಲವು.

ಇದರಿಂದ ಸಿದ್ಧವಾಗುವುದಿಷ್ಟು. ಸುಶ್ರುತಸಂಹಿತೆಯಲ್ಲಿ ಕೃತಕಚರ್ಮವಿಲ್ಲ, ಅಲ್ಲಿರುವುದು ಚರ್ಮಸಂಧಾನದ ಮೂಲನಿಯಮ. ಆ ನಿಯಮದ ಒಂದು ವಿಶೇಷಣವನ್ನು ಹತ್ತೊಂಬತ್ತನೆಯ ಶತಮಾನವು ಸಡಿಲಿಸಿತು, ಇಪ್ಪತ್ತನೆಯ ಶತಮಾನವು ಇನ್ನೊಂದನ್ನು ಸೇರಿಸಿತು. ಆದರೆ ಶರೀರವು ಕಡೆಗೆ ಸ್ವೀಕರಿಸುವುದು ತನ್ನದೇ ಆದ ಜೀವಂತ ಚರ್ಮವನ್ನು ಎಂಬ ತತ್ತ್ವವು ಈ ವರೆಗೆ ಬದಲಾಗಲಿಲ್ಲ. ಪ್ರಾಚೀನರಿಗೆ ಇಲ್ಲದ ಹಿರಿಮೆಯನ್ನು ಆರೋಪಿಸುವುದರಿಂದ ಅವರಿಗೆ ಗೌರವವಾಗದು. ಅವರು ಎರಡು ಶಬ್ದಗಳಲ್ಲಿ ಇಟ್ಟುಹೋದುದನ್ನು ಸರಿಯಾಗಿ ಓದುವುದೇ ಗೌರವ. ಪಾಠ್ಯಪುಸ್ತಕಗಳಲ್ಲಿಯೂ ಪಾರಿಭಾಷಿಕ ಕೋಶಗಳಲ್ಲಿಯೂ ‘ಕೃತಕಚರ್ಮ’ದ ಬದಲಾಗಿ ‘ತ್ವಕ್ಪ್ರತಿನಿಧಿ’ ಎಂಬ ಶಬ್ದವನ್ನು ಬಳಕೆಗೆ ತರುವುದು ಯುಕ್ತವಾಗಿ ತೋರುತ್ತದೆ. ಮುಖ್ಯವಾದುದು ಬರುವ ವರೆಗೆ ಅದರ ಸ್ಥಾನವನ್ನು ಕಾಯುವುದು ಈ ವಸ್ತುಗಳ ಕಾರ್ಯವೆಂಬ ಅರ್ಥವು ಆ ಶಬ್ದದಿಂದಲೇ ದೊರೆಯುತ್ತದೆ.